ಗಂಜಿನ ಹತ್ತಿ, ದೆಹಲಿಯ ನೀತಿ

ರಾಯಚೂರು

ಚಿರಂಜೀವಿ ಅಳಿಯನಿಗೆ ಸೋದರಮಾವನ ಆಶೀರ್ವಾದಗಳು.

ನೀನು ಕಳಿಸಿದ ಪ್ರಬಂಧವನ್ನು ಎರಡು ಸಲ ಓದಿದೆ. ಅಲಿಪ್ತ ನೀತಿ ಅಂದರೆ ಯಾರ ಗೊಡವೆಯೂ ಬೇಡವೆಂದು ದೂರ ಇರುವುದು ಅಂತ ಬರೆದಿದ್ದೀಯಲ್ಲ, ಆ ಸಾಲು ಹೊಡೆದುಹಾಕು. ತಪ್ಪು ನಿನ್ನದಲ್ಲ, ಆ ಪದದ್ದು. ಅಲಿಪ್ತ ಅಂದ ತಕ್ಷಣ ನೀರು ಅಂಟದ ತಾವರೆ ಎಲೆ ನೆನಪಾಗುತ್ತದೆ. ಈ ನೀತಿ ಹಿಡಿದ ನೆಹರೂ, ಈಜಿಪ್ಟಿನ ನಾಸರ್, ಯುಗೊಸ್ಲಾವಿಯದ ಟಿಟೊ ಅಂಥ ಸನ್ಯಾಸಿಗಳೇನಲ್ಲ. ಅಮೆರಿಕ, ರಷ್ಯಾ ಎರಡೂ ಬಣಕ್ಕೆ ಸೇರದೆ ಎಲ್ಲರ ಜೊತೆಗೂ ವ್ಯವಹಾರ ಇಟ್ಟುಕೊಂಡವರು.

ನಮ್ಮ ಮನೆಯದ್ದೇ ಕೇಳು. ನಿಮ್ಮಜ್ಜ ಬೀಜ, ಗೊಬ್ಬರಕ್ಕೆ ಗಂಜಿನ, ಅಂದರೆ ನಮ್ಮ ಮಾರುಕಟ್ಟೆಯ, ಒಂದೇ ದಲಾಲಿ ಅಂಗಡಿಯಲ್ಲಿ ಸಾಲ ಮಾಡುತ್ತಿದ್ದರು. ಹತ್ತಿ ಬಂದರೆ ಅಲ್ಲಿಗೇ ಹಾಕಬೇಕು. ಪಕ್ಕದವನು ಜಾಸ್ತಿ ಕೂಗಿದರೂ ಸುಮ್ನೆ ಕೇಳಿಸಿಕೊಂಡು ಬರುತ್ತಿದ್ದರು. 1965-66ರ ಬರದಲ್ಲಿ ದೇಶದ ಪಾಡೂ ಅದೇ. ಅಮೆರಿಕದ ಹಡಗು ಬಂದರೆ ಗೋಧಿ. ಅಧ್ಯಕ್ಷ ಜಾನ್ಸನ್ ಅದನ್ನು ಅಳೆದು ಅಳೆದು ಬಿಡುತ್ತಿದ್ದರು. ನಮ್ಮವರು ವಿಯೆಟ್ನಾಂ ಯುದ್ಧವನ್ನು ಟೀಕಿಸಿದ್ದು ಅವರಿಗೆ ಸೇರಿರಲಿಲ್ಲ.

ಉಕ್ಕಿನಲ್ಲಿ ಮಾತ್ರ ಜಾಣರಾಗಿದ್ದೆವು. ಕಾರ್ಖಾನೆ ಕಟ್ಟಲು ಭಿಲಾಯಿಗೆ ರಷ್ಯಾ, ರೂರ್ಕೆಲಾಗೆ ಪಶ್ಚಿಮ ಜರ್ಮನಿ, ದುರ್ಗಾಪುರಕ್ಕೆ ಬ್ರಿಟನ್ ನೆರವಾದವು. ಮೂರು ಅಂಗಡಿ, ಮೂರು ಖಾತೆ! ಈಜಿಪ್ಟಿನ ಅಸ್ವಾನ್ ಅಣೆಕಟ್ಟಿಗೆ ಕೊಡುತ್ತೇವೆ ಅಂದಿದ್ದ ಹಣವನ್ನು ಅಮೆರಿಕ, ಬ್ರಿಟನ್ 1956ರಲ್ಲಿ ಇಲ್ಲವೆಂದವು. ನಾಸರ್ ಸೂಯೆಜ್ ಕಾಲುವೆಯನ್ನು ರಾಷ್ಟ್ರೀಕರಿಸಿದರು. ಆಮೇಲೆ ರಷ್ಯಾದ ನೆರವಿನಿಂದ ಅಣೆಕಟ್ಟು ಎದ್ದಿತು. ತುಂಗಭದ್ರೆಯ ಕಾಲುವೆ ನೀರು ಕಂಡವರಿಗೆ ಆ ಹಟ ಅರ್ಥವಾಗುತ್ತದೆ, ಅಲ್ವಾ?

ಹಾಗಂತ ಬರೀ ಹೊಗಳಬೇಡ. 1956ರಲ್ಲೇ ರಷ್ಯಾದ ಟ್ಯಾಂಕುಗಳು ಹಂಗೇರಿಗೆ ನುಗ್ಗಿದಾಗ ನಾವು ತುಟಿ ಬಿಚ್ಚಲು ಹಿಂದೆಮುಂದೆ ನೋಡಿದೆವು. 1962ರಲ್ಲಿ ಚೀನಾ ಮೇಲೆ ಬಿದ್ದಾಗ ನೆಹರೂ ಅಮೆರಿಕದ ಅಧ್ಯಕ್ಷ ಕೆನಡಿಗೆ ಪತ್ರ ಬರೆದು ಯುದ್ಧವಿಮಾನ ಕೇಳಿದರು. ಕಷ್ಟಕಾಲದಲ್ಲಿ ಕೇಳಿದ್ದನ್ನು ನಾನು ತಪ್ಪೆನ್ನುವುದಿಲ್ಲ. ಹಂಗೇರಿಯದು ಮಾತ್ರ ಈಗಲೂ ಚುಚ್ಚುತ್ತದೆ.

ನೀನು ಬಿಟ್ಟಿದ್ದು ಇನ್ನೊಂದಿದೆ. ಹಲವು ಅಂಗಡಿಯಲ್ಲಿ ಖಾತೆ ಇಟ್ಟರೂ ದಂಡ ಬೀಳುತ್ತದೆ. 2025ರ ಆಗಸ್ಟ್‌ನಲ್ಲಿ, ರಷ್ಯಾದ ತೈಲ ಕೊಳ್ಳುತ್ತೀರಿ ಎಂದು ಅಮೆರಿಕ ನಮ್ಮ ಸರಕಿನ ಮೇಲಿನ ಸುಂಕವನ್ನು ಶೇ. 50ಕ್ಕೆ ಏರಿಸಿತು. ಅದೇ ತಿಂಗಳು ನಮ್ಮ ಸರ್ಕಾರ ಬಟ್ಟೆ ಉದ್ಯಮಕ್ಕೆ ಆಸರೆಯಾಗಲೆಂದು ಹತ್ತಿಯ ಮೇಲಿನ ಶೇ. 11ರ ಆಮದು ಸುಂಕ ತೆಗೆಯಿತು. ಮೊದಲು ಸೆಪ್ಟೆಂಬರ್‌ವರೆಗೆ ಅಂದರು, ಆಮೇಲೆ ಡಿಸೆಂಬರ್‌ವರೆಗೆ. ಹೊರದೇಶದ ಹತ್ತಿ ಅಗ್ಗವಾಗಿ ಒಳಬರಲು ದಾರಿಯಾಯಿತು. ನಮ್ಮ ಹತ್ತಿ ಬಿಡಿಸಿ ಗಂಜಿಗೆ ತರುವ ತಿಂಗಳುಗಳೇ ಅವು. ದೆಹಲಿ ಯಾರಿಗೂ ತಲೆಬಾಗಲಿಲ್ಲ ಅಂತ ನೀನು ಬರೆದಿದ್ದೀಯ, ಸರಿ. ಅದರ ಖರ್ಚು ಯಾರ ಖಾತೆಗೆ ಬಿತ್ತು ಅಂತಲೂ ಬರಿ.

ರಜೆಗೆ ಬಂದಾಗ ಬೆಳಿಗ್ಗೆ ಹರಾಜಿನ ಹೊತ್ತಿಗೆ ಗಂಜಿಗೆ ಹೋಗೋಣ. ಅಕ್ಕನಿಗೆ ನಮಸ್ಕಾರ ತಿಳಿಸು.

ನಿನ್ನ ಮಾವ