ಉಂಡದ್ದು ಉಸಿರಾಗುವ ಬಗೆ

ಮದ್ದೂರು
ಭಾನುವಾರ ಬೆಳಿಗ್ಗೆ

ಚಿ. ಪುಟ್ಟಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು. ಉಭಯ ಕುಶಲೋಪರಿ ಎಂದು ಬರೆಯಲು ಈ ಸಲ ಕೈ ಬರಲಿಲ್ಲ. ಗುರುವಾರ ಬೆಳಿಗ್ಗೆ ನೀನು ಬಸ್ ನಿಲ್ದಾಣದಲ್ಲಿ ಕಣ್ಣು ಕತ್ತಲೆ ಬಂದು ಕುಸಿದೆಯಂತೆ. ಯಾರೋ ಪುಣ್ಯಾತ್ಮರು ಹಿಡಿದು ಕೂರಿಸಿ, ನೀರು ಕುಡಿಸಿ, ಆಟೋ ಹತ್ತಿಸಿ ಕಳುಹಿಸಿದರಂತೆ. ಅದನ್ನು ಹೇಳುವಾಗ ನಿನ್ನ ಅಮ್ಮನ ದನಿ ನಡುಗುತ್ತಿತ್ತು. ಸಂಜೆ ನಾನು ಫೋನ್ ಮಾಡಿದರೆ ನೀನು, "ಏನಿಲ್ಲ ದೊಡ್ಡಮ್ಮ, ಸ್ವಲ್ಪ ಡಯಟ್ ಮಾಡುತ್ತಿದ್ದೇನೆ" ಎಂದೆ. ಮೂರು ವಾರದಿಂದ ಬೆಳಿಗ್ಗೆ ಜೇನು ಬೆರೆಸಿದ ನಿಂಬೆಹಣ್ಣಿನ ನೀರು, ಮಧ್ಯಾಹ್ನ ಎರಡು ಚಪಾತಿ, ರಾತ್ರಿ ಒಂದು ಲೋಟ ಜ್ಯೂಸ್. ಅನ್ನವಿಲ್ಲ, ಮುದ್ದೆಯಿಲ್ಲ. ಕೊನೆಗೆ ಒಂದು ಪ್ರಶ್ನೆಯನ್ನೂ ಕೇಳಿದೆ: "ಕರಗಿದ ಕೊಬ್ಬು ಎಲ್ಲಿಗೆ ಹೋಗುತ್ತದೆ? ಬೆವರಿಗಾ?"

ಮೂವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟವಳು ನಾನು. ಇಷ್ಟು ಒಳ್ಳೆಯ ಪ್ರಶ್ನೆಗೆ ಫೋನಿನಲ್ಲಿ ಎರಡು ಮಾತಿನ ಉತ್ತರ ಕೊಡಲು ಮನಸ್ಸಾಗಲಿಲ್ಲ. ಅದಕ್ಕೇ ಈ ಕಾಗದ. ನಿಧಾನವಾಗಿ ಓದು.

ಉತ್ತರ ಮೊದಲು ಹೇಳಿಬಿಡುತ್ತೇನೆ. ಕರಗಿದ ಕೊಬ್ಬು ಹೆಚ್ಚಾಗಿ ಮೂಗಿನಿಂದ ಹೋಗುತ್ತದೆ. 2014ರಲ್ಲಿ ಆಸ್ಟ್ರೇಲಿಯಾದ ರೂಬೆನ್ ಮೀರ್ಮನ್ ಮತ್ತು ಆಂಡ್ರ್ಯೂ ಬ್ರೌನ್ ಇದರ ಲೆಕ್ಕ ಹಾಕಿ ತೋರಿಸಿದರು. ದೇಹದಲ್ಲಿ 10 ಕೆಜಿ ಕೊಬ್ಬು ಪೂರ್ತಿ ಉರಿದರೆ ಅದರಲ್ಲಿ 8.4 ಕೆಜಿ ಇಂಗಾಲದ ಡೈಆಕ್ಸೈಡ್ ಆಗಿ ಉಸಿರಿನೊಡನೆ ಹೊರಬೀಳುತ್ತದೆ, ಉಳಿದ 1.6 ಕೆಜಿ ನೀರಾಗುತ್ತದೆ. ಆ ನೀರು ಬೆವರಾಗಿಯೋ ಮೂತ್ರವಾಗಿಯೋ ಹೋಗಬಹುದು. ಹಾಗೆಂದು ಜೋರಾಗಿ ಉಸಿರು ಬಿಟ್ಟರೆ ತೆಳ್ಳಗಾಗುತ್ತೇನೆ ಎಂದುಕೊಳ್ಳಬೇಡ, ತಲೆ ಸುತ್ತುತ್ತದೆ ಅಷ್ಟೆ. ಒಳಗೆ ಎಷ್ಟು ಉರಿಯಿತೋ ಅಷ್ಟೇ ಹೊರಗೆ ಬರುವುದು.

ನಂಬಿಕೆ ಬರದಿದ್ದರೆ ನಾನು ಮಕ್ಕಳಿಗೆ ತೋರಿಸುತ್ತಿದ್ದ ಪ್ರಯೋಗವನ್ನು ಕೇಳು. ನಮ್ಮ ಹಳ್ಳಿಯ ಪ್ರೌಢಶಾಲೆಯಲ್ಲಿ ಪ್ರಯೋಗಾಲಯವೆಂದರೆ ಒಂದು ಬೀರು, ಅದರಲ್ಲಿ ನಾಲ್ಕು ಪ್ರನಾಳ. ನಮ್ಮ ಅತ್ತೆಯವರು ಎಲೆ ಅಡಿಕೆಗೆ ಹಚ್ಚುತ್ತಿದ್ದ ಸುಣ್ಣವನ್ನು ಒಂದು ಚಮಚ ತೆಗೆದು ಬಾಟಲಿಯ ನೀರಿಗೆ ಹಾಕಿ ಕುಲುಕಿ ರಾತ್ರಿಯಿಡೀ ಬಿಡುತ್ತಿದ್ದೆ. ಬೆಳಿಗ್ಗೆಗೆ ಸುಣ್ಣ ತಳ ಸೇರಿ ಮೇಲೆ ತಿಳಿನೀರು ನಿಂತಿರುತ್ತಿತ್ತು. ಅದನ್ನು ಅಲುಗದಂತೆ ಬಗ್ಗಿಸಿಕೊಂಡು ತರಗತಿಗೆ ಒಯ್ಯುತ್ತಿದ್ದೆ. ಊದುವುದಕ್ಕೆ ಪರಂಗಿ ಎಲೆಯ ದಂಟು, ಚೆನ್ನಾಗಿ ತೊಳೆದದ್ದು. ಊದಬೇಕು, ಹೀರಬಾರದು ಎಂದು ಹತ್ತು ಸಲ ಹೇಳಿ ಒಬ್ಬ ಹುಡುಗನ ಕೈಗೆ ಪ್ರನಾಳ ಕೊಡುತ್ತಿದ್ದೆ. ಬುಳುಬುಳು ಎಂದು ಗುಳ್ಳೆ ಬಂದು, ನೋಡುತ್ತಿದ್ದಂತೆ ಆ ತಿಳಿನೀರು ತೆಳು ಮಜ್ಜಿಗೆಯ ಹಾಗೆ ಬೆಳ್ಳಗಾಗುತ್ತಿತ್ತು. ಆಮೇಲೆ ಮತ್ತೊಬ್ಬನನ್ನು ಮೈದಾನಕ್ಕೆ ಎರಡು ಸುತ್ತು ಓಡಿಸಿ, ಬಂದ ಕೂಡಲೇ ಬೇರೆ ಪ್ರನಾಳಕ್ಕೆ ಊದಿಸುತ್ತಿದ್ದೆ. ಅವನದು ಇನ್ನೂ ಬೇಗ ಬೆಳ್ಳಗಾಗುತ್ತಿತ್ತು. ಹೊರಗಿನ ಗಾಳಿಯಲ್ಲಿ ಶೇ 0.04ರಷ್ಟಿರುವ ಇಂಗಾಲದ ಡೈಆಕ್ಸೈಡ್ ನಾವು ಬಿಡುವ ಉಸಿರಿನಲ್ಲಿ ಸುಮಾರು ಶೇ 4ರಷ್ಟಿರುತ್ತದೆ. ಆ ಹೆಚ್ಚುವರಿ ಇಂಗಾಲವೆಲ್ಲ ಯಾವಾಗಲೋ ಉಂಡ ಅನ್ನದ್ದು, ಮುದ್ದೆಯದ್ದು, ಎಣ್ಣೆಯದ್ದು. ಹೆಂಚಿನ ಮೇಲೆ ರೊಟ್ಟಿ ಸೀದರೆ ಕಪ್ಪಾಗಿ ಕಾಣುವುದೂ ಅದೇ ಇಂಗಾಲ. ಹತ್ತನೆಯ ತರಗತಿಯ ಮಕ್ಕಳ ಮುಖದಲ್ಲಿ ಆ ಕ್ಷಣ ಮೂಡುತ್ತಿದ್ದ ಬೆಳಕನ್ನು ನಾನು ಇಂದಿಗೂ ಮರೆತಿಲ್ಲ.

ತಟ್ಟೆಯಲ್ಲಿದ್ದ ಮುದ್ದೆ ಉಸಿರಾಗುವವರೆಗೆ ಎಷ್ಟು ಕೈ ದಾಟಬೇಕು ಗೊತ್ತೇ? ಬಾಯಲ್ಲಿ ಜೊಲ್ಲುರಸದ ಕಿಣ್ವ ಪಿಷ್ಟವನ್ನು ಒಡೆಯಲು ಶುರು ಮಾಡುತ್ತದೆ. ಅನ್ನವನ್ನು ಬಹಳ ಹೊತ್ತು ಅಗಿದರೆ ಸಿಹಿಯಾಗುವುದು ಅದಕ್ಕೇ. ನಮ್ಮ ಕಡೆ ಮುದ್ದೆಯನ್ನು ಅಗಿಯುವುದಿಲ್ಲ, ಸಾರಿನಲ್ಲಿ ಹೊರಳಿಸಿ ನುಂಗುತ್ತೇವೆ. ಹಾಗಾಗಿ ಆ ಕೆಲಸವೆಲ್ಲ ಮುಂದೆ ಸಣ್ಣ ಕರುಳಿಗೆ ಬೀಳುತ್ತದೆ, ಅಲ್ಲಿ ಮೇದೋಜೀರಕ ಗ್ರಂಥಿಯ ರಸ ಅದನ್ನು ಚೆನ್ನಾಗಿಯೇ ಮಾಡಿ ಮುಗಿಸುತ್ತದೆ. ಮುದ್ದೆಗೆ ಈ ರಿಯಾಯಿತಿ ಉಂಟು, ಉಳಿದದ್ದನ್ನೆಲ್ಲ ಅಗಿದು ತಿನ್ನು.

ಜಠರದ ಒಳಗೆ ಏನು ನಡೆಯುತ್ತದೆ ಎಂಬುದು ಮನುಷ್ಯರಿಗೆ ಕಣ್ಣಾರೆ ಕಂಡದ್ದು ಒಬ್ಬ ಬಡವನ ಗಾಯದಿಂದ. 1822ರಲ್ಲಿ ಅಮೆರಿಕದ ಮ್ಯಾಕಿನಾಕ್ ದ್ವೀಪದಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ತರುಣನಿಗೆ ಆಕಸ್ಮಿಕವಾಗಿ ಬಂದೂಕಿನ ಗುಂಡು ತಗುಲಿತು. ತುಪ್ಪಳದ ವ್ಯಾಪಾರದಲ್ಲಿ ದುಡಿಯುತ್ತಿದ್ದವನು ಅವನು. ಜೀವ ಉಳಿಯಿತು, ಆದರೆ ಹೊಟ್ಟೆಯ ಮೇಲಿನ ತೂತು ಮುಚ್ಚಲೇ ಇಲ್ಲ. ಸೇನೆಯ ವೈದ್ಯ ವಿಲಿಯಂ ಬ್ಯೂಮಾಂಟ್ ಮಾಂಸದ, ಬ್ರೆಡ್ಡಿನ ತುಂಡುಗಳನ್ನು ರೇಷ್ಮೆ ದಾರಕ್ಕೆ ಕಟ್ಟಿ ಆ ತೂತಿನಿಂದ ಜಠರದೊಳಗೆ ಇಳಿಬಿಟ್ಟು, ಹೊತ್ತು ಹೊತ್ತಿಗೆ ಎಳೆದು ನೋಡಿ ಬರೆದಿಟ್ಟ. ಜಠರದ ರಸವನ್ನು ಸೀಸೆಯಲ್ಲಿ ತುಂಬಿ ಬೆಚ್ಚಗಿಟ್ಟರೆ ಅಲ್ಲಿಯೂ ಮಾಂಸ ಕರಗುತ್ತದೆ ಎಂದು ಕಂಡುಕೊಂಡ. ಜೀರ್ಣವಾಗುವುದು ಬರಿಯ ಅರೆತವಲ್ಲ, ರಾಸಾಯನಿಕ ಕ್ರಿಯೆ ಎಂಬುದು ಹೀಗೆ ಗಟ್ಟಿಯಾಯಿತು. ಆ ತರುಣ ಸಿಟ್ಟುಗೊಂಡಾಗ ಜೀರ್ಣಕ್ರಿಯೆ ಕೆಡುತ್ತಿದ್ದುದನ್ನೂ ಬ್ಯೂಮಾಂಟ್ ಗುರುತಿಸಿದ್ದ. ವರ್ಷಗಟ್ಟಲೆ ಆ ಹಿಂಸೆಯನ್ನು ಸಹಿಸಿದ ಸೇಂಟ್ ಮಾರ್ಟಿನ್‌ನನ್ನು ನೆನೆದರೆ ನನಗೆ ಈಗಲೂ ಕರುಳು ಚುರುಕ್ಕೆನ್ನುತ್ತದೆ. ನೀನು ಲ್ಯಾಪ್‌ಟಾಪ್ ಮುಂದೆ ಕುಳಿತು, ಮೇಲಿನವರ ಸಂದೇಶ ಓದಿ ಕುದಿಯುತ್ತಾ ಊಟ ಮಾಡುತ್ತೀಯಲ್ಲ, ಅದನ್ನು ಬಿಡು. ಹದಿನೈದು ನಿಮಿಷ ತಟ್ಟೆಯ ಮುಂದೆ ಮಾತ್ರ ಕುಳಿತಿರು.

ಜಠರದಿಂದ ಮುಂದೆ ಸಣ್ಣ ಕರುಳು. ಪಿತ್ತರಸ ಅಲ್ಲಿ ಎಣ್ಣೆಯ ಮೇಲೆ ಸೀಗೆಪುಡಿಯ ಹಾಗೆ ಕೆಲಸ ಮಾಡುತ್ತದೆ, ಜಿಡ್ಡನ್ನು ಸಣ್ಣ ಸಣ್ಣ ಹನಿಗಳಾಗಿ ಬಿಡಿಸುತ್ತದೆ. ಕರುಳಿನ ಒಳಗೋಡೆ ನುಣುಪಾಗಿಲ್ಲ. ನಿನ್ನ ಟರ್ಕಿ ಟವೆಲ್ಲಿನ ಮೇಲೆ ನೂಲಿನ ಕುಣಿಕೆಗಳು ಎದ್ದಿರುತ್ತವಲ್ಲ, ಅಂಥ ಲಕ್ಷಾಂತರ ಮುಂಚಾಚಿಕೆಗಳು ಅಲ್ಲಿವೆ. ಟವೆಲ್ ನೀರು ಹೀರುವ ಹಾಗೆ ಅವು ಗ್ಲೂಕೋಸನ್ನು ಹೀರಿ ರಕ್ತಕ್ಕೆ ಕೊಡುತ್ತವೆ. ಆ ರಕ್ತ ನೇರವಾಗಿ ಹೃದಯಕ್ಕೆ ಹೋಗುವುದಿಲ್ಲ, ಮೊದಲು ಯಕೃತ್ತಿಗೆ ಹೋಗಿ ಲೆಕ್ಕ ಒಪ್ಪಿಸಬೇಕು.

ಇಲ್ಲಿ ಸ್ವಲ್ಪ ಗಮನ ಕೊಡು, ಗುರುವಾರದ ಸಂಗತಿ ಇಲ್ಲಿದೆ. ನಮ್ಮ ಮೈಯ ಅಷ್ಟೂ ರಕ್ತದಲ್ಲಿ ಒಂದು ಹೊತ್ತಿಗೆ ಓಡಾಡುವ ಗ್ಲೂಕೋಸ್ ಸುಮಾರು 5 ಗ್ರಾಂ, ಅಂದರೆ ಒಂದು ಟೀ ಚಮಚ ಸಕ್ಕರೆಯಷ್ಟು. ಮಿದುಳು ಒಂದಕ್ಕೇ ದಿನಕ್ಕೆ ಸುಮಾರು 120 ಗ್ರಾಂ ಬೇಕು. ಅದಕ್ಕೇ ಯಕೃತ್ತು ಸುಮಾರು 100 ಗ್ರಾಂನಷ್ಟನ್ನು ಗ್ಲೈಕೋಜನ್ ರೂಪದಲ್ಲಿ ಕಣಜಕ್ಕೆ ತುಂಬಿಕೊಂಡು, ನಾವು ಮಲಗಿದಾಗ ಚೂರುಚೂರೇ ಅಳೆದು ಹಾಕುತ್ತದೆ. ಸ್ನಾಯುಗಳಲ್ಲಿ ಇದಕ್ಕಿಂತ ಹೆಚ್ಚಿನ ದಾಸ್ತಾನಿದೆ, ಆದರೆ ಅದನ್ನು ಅವು ರಕ್ತಕ್ಕೆ ಬಿಟ್ಟುಕೊಡಲಾರವು. ಊರಿಗೆಲ್ಲ ಹಂಚುವ ಕಣಜ ಯಕೃತ್ತಿನದು. ರಾತ್ರಿ ಬರೀ ಜ್ಯೂಸ್ ಕುಡಿದು ಮಲಗಿದವಳ ಕಣಜ ಬೆಳಗಾಗುವಷ್ಟರಲ್ಲಿ ಎಷ್ಟು ಇಳಿದಿರುತ್ತದೆ ಎಂದು ನೀನೇ ಯೋಚಿಸು. ಆಮೇಲೆ ದೇಹ ಸುಮ್ಮನಿರುವುದಿಲ್ಲ, ಕೊಬ್ಬನ್ನು ಉರಿಸುತ್ತದೆ ನಿಜ. ಆದರೆ ಜೊತೆಗೆ ಸ್ನಾಯುವಿನ ಪ್ರೋಟೀನನ್ನೂ ಒಡೆದು ಗ್ಲೂಕೋಸ್ ಮಾಡಿಕೊಳ್ಳುತ್ತದೆ. ನೀನು ತಕ್ಕಡಿಯಲ್ಲಿ ನೋಡಿ ಹಿಗ್ಗಿದ ಮೂರು ಕೆಜಿಯಲ್ಲಿ ನೀರೆಷ್ಟು, ಸ್ನಾಯುವೆಷ್ಟು, ಕೊಬ್ಬೆಷ್ಟು ಎಂದು ತಕ್ಕಡಿ ಹೇಳುವುದಿಲ್ಲ.

ಇನ್ನು ಜೀವಕೋಶದ ಒಳಗಿನ ಮಾತು. ಕನ್ನಡದಲ್ಲಿ ಉಸಿರಾಟ ಎಂಬ ಒಂದೇ ಪದವನ್ನು ಎರಡಕ್ಕೂ ಬಳಸುತ್ತೇವೆ, ಮಕ್ಕಳು ಅಲ್ಲಿಯೇ ಎಡವುತ್ತಿದ್ದರು. ಮೂಗಿನಿಂದ ಎಳೆದು ಬಿಡುವುದು ಬಾಗಿಲ ಕೆಲಸ ಮಾತ್ರ. ನಿಜವಾದ ಉಸಿರಾಟ ನಡೆಯುವುದು ಜೀವಕೋಶಗಳ ಒಳಗಿರುವ ಮೈಟೊಕಾಂಡ್ರಿಯವೆಂಬ ಪುಟ್ಟ ಒಲೆಗಳಲ್ಲಿ. ಗ್ಲೂಕೋಸ್ ಎಂಬುದು ಐನೂರರ ನೋಟು ಎಂದುಕೋ. ಕಂಡಕ್ಟರ್ ಅದನ್ನು ಮುಟ್ಟುವುದಿಲ್ಲ, ಚಿಲ್ಲರೆ ಕೇಳುತ್ತಾನೆ. ಜೀವಕೋಶದ ಚಿಲ್ಲರೆಗೆ ಎಟಿಪಿ ಎಂದು ಹೆಸರು. ಆಮ್ಲಜನಕ ಸಾಕಷ್ಟಿದ್ದರೆ ಒಂದು ಗ್ಲೂಕೋಸ್ ಕಣಕ್ಕೆ ಸುಮಾರು 30 ಎಟಿಪಿ ಸಿಗುತ್ತವೆ. ಆಮ್ಲಜನಕವಿಲ್ಲದೆ ಮುರಿಸಿದರೆ ಸಿಗುವುದು ಎರಡೇ ಎರಡು. ರಾತ್ರಿ ಮುಚ್ಚಿಟ್ಟ ಇಡ್ಲಿ ಹಿಟ್ಟಿನಲ್ಲಿ ಬ್ಯಾಕ್ಟೀರಿಯಾಗಳು ಹೀಗೆ ಚೂರುಪಾರು ಸಂಪಾದನೆಯಲ್ಲೇ ಬದುಕಿ, ಹಿಟ್ಟನ್ನು ಹುಳಿಯಾಗಿಸಿ ಉಬ್ಬಿಸುತ್ತವೆ. ನಮಗೆ ಅದು ಸಾಲದು. ಹದಿನೆಂಟನೆಯ ಶತಮಾನದಲ್ಲಿ ಫ್ರಾನ್ಸಿನ ವಿಜ್ಞಾನಿಗಳಾದ ಲವಾಸಿಯೆ ಮತ್ತು ಲಾಪ್ಲಾಸ್ ಒಂದು ಗಿನಿಯಿಲಿಯನ್ನು ಮಂಜುಗಡ್ಡೆಯ ನಡುವೆ ಇಟ್ಟು, ಅದರ ಮೈಶಾಖಕ್ಕೆ ಎಷ್ಟು ಮಂಜು ಕರಗಿತು ಎಂದು ಅಳೆದು, ಉರಿಯುವ ಇದ್ದಿಲಿನೊಂದಿಗೆ ಹೋಲಿಸಿದರು. ಉಸಿರಾಟವೂ ನಿಧಾನವಾಗಿ ಉರಿಯುವ ಬೆಂಕಿಯೇ ಎಂದರು. ನಮ್ಮ ಹಿರಿಯರು ಹೊಟ್ಟೆಯ ಹಸಿವನ್ನು ಜಠರಾಗ್ನಿ ಎಂದು ಕರೆದರಲ್ಲ, ಬೆಂಕಿ ಎಂಬ ಮಾತು ಸರಿಯಾಗಿಯೇ ಇದೆ. ಒಲೆ ಮಾತ್ರ ಜಠರದಲ್ಲಿಲ್ಲ, ಕೋಟಿ ಕೋಟಿ ಜೀವಕೋಶಗಳಲ್ಲಿ ಹಂಚಿಹೋಗಿದೆ.

ಒಲೆಗೆ ಸೌದೆ ಇದ್ದರೆ ಸಾಲದು, ಗಾಳಿಯೂ ಬೇಕು. ನನಗೆ ನಿಜವಾಗಿ ದಿಗಿಲಾಗಿರುವುದು ಇದರ ಬಗ್ಗೆ. ಆರೋಗ್ಯವಾಗಿರುವ ಹುಡುಗಿ ಒಂದು ಹೊತ್ತಿನ ತಿಂಡಿ ಬಿಟ್ಟ ಮಾತ್ರಕ್ಕೆ ಬೀಳುವುದಿಲ್ಲ. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ, ಸಂಜೆಗೆ ಕಾಲು ಸೋಲುತ್ತವೆ ಎಂದು ನೀನು ಯುಗಾದಿಗೆ ಬಂದಾಗಲೇ ಹೇಳಿದ್ದೆ. ಅಂದು ನಿನ್ನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದಾಗ ಬಿಳಿಚಿಕೊಂಡಿತ್ತು. ಆಮ್ಲಜನಕವನ್ನು ಶ್ವಾಸಕೋಶದಿಂದ ಹೊತ್ತು ತರುವುದು ಕೆಂಪು ರಕ್ತಕಣದ ಹಿಮೋಗ್ಲೋಬಿನ್, ಅದಕ್ಕೆ ಕಬ್ಬಿಣ ಬೇಕೇ ಬೇಕು. (ಆ ಕೆಂಪು ಕಣಕ್ಕೆ ಮೈಟೊಕಾಂಡ್ರಿಯವೇ ಇಲ್ಲ ಪುಟ್ಟಿ. ಅಷ್ಟು ಆಮ್ಲಜನಕ ಹೊತ್ತರೂ ತನಗೆಂದು ಒಂದು ಚೂರೂ ಬಳಸಿಕೊಳ್ಳುವುದಿಲ್ಲ. ಇದನ್ನು ಹೇಳಿಕೊಡುವಾಗೆಲ್ಲ ನನಗೆ ನಮ್ಮಮ್ಮನ ನೆನಪಾಗುತ್ತಿತ್ತು.) ಹೊರುವವರೇ ಕಡಿಮೆಯಾದರೆ ತಿಂದ ಅನ್ನ ಇದ್ದೂ ಇಲ್ಲದಂತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಶೇ 57 ಮಂದಿಗೆ ರಕ್ತಹೀನತೆ ಇದೆ. ನೂರಕ್ಕೆ ಐವತ್ತೇಳು! ಅದರಲ್ಲಿ ನೀನೂ ಒಬ್ಬಳಿರಬಹುದೆಂದು ನನ್ನ ಮನಸ್ಸು ಹೇಳುತ್ತಿದೆ. ಊಹೆಯ ಮೇಲೆ ಕೂರುವುದು ಬೇಡ. ಸೋಮವಾರವೇ ವೈದ್ಯರನ್ನು ಕಂಡು ರಕ್ತ ಪರೀಕ್ಷೆ ಮಾಡಿಸು. ಹೆಂಗಸರಿಗೆ ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ ಎನ್ನುತ್ತಾರೆ. ಮಾತ್ರೆ ಬೇಕೋ ಬೇಡವೋ ವೈದ್ಯರು ಹೇಳಲಿ, ನೀನೇ ಅಂಗಡಿಯಿಂದ ತಂದು ನುಂಗಬೇಡ.

ಊಟದ ವಿಷಯದಲ್ಲಿ ಮಾತ್ರ ನಾನು ಹೇಳಿದ್ದನ್ನು ನಡೆಸಿಕೊಡು. ಬೆಳಿಗ್ಗೆ ಏನಾದರೂ ತಿನ್ನದೆ ಹೊಸ್ತಿಲು ದಾಟಬೇಡ. ಸೊಪ್ಪು ಕಾಳು ತಿನ್ನುವಾಗ ಮೇಲೆ ನಿಂಬೆಹಣ್ಣು ಹಿಂಡಿಕೋ. ಅದರ ಸಿ ಜೀವಸತ್ವ ಕಬ್ಬಿಣಾಂಶ ರಕ್ತಕ್ಕೆ ಸೇರಲು ನೆರವಾಗುತ್ತದೆ. ಬೆಳಗಿನ ಬಿಸಿನೀರಿಗೆ ಹಿಂಡುವ ನಿಂಬೆಹಣ್ಣನ್ನು ಹುರುಳಿಕಾಳಿನ ಪಲ್ಯಕ್ಕೆ ಹಿಂಡಿದರೆ ಎಷ್ಟು ಚೆನ್ನ! ಕಾಫಿಯನ್ನು ಊಟದ ಜೊತೆಗೆ ಕುಡಿಯಬೇಡ, ಒಂದು ಗಂಟೆ ತಡೆದು ಕುಡಿ. ಅದು ಕಬ್ಬಿಣವನ್ನು ಕರುಳಿನಲ್ಲೇ ಕಟ್ಟಿಹಾಕುತ್ತದೆ. ಮೈಯ ವಿಷ ತೆಗೆಯುತ್ತದೆ ಎಂದು ಆ ಜ್ಯೂಸಿಗೆ ದುಡ್ಡು ಸುರಿಯುವುದನ್ನು ನಿಲ್ಲಿಸು, ಆ ಕೆಲಸಕ್ಕೆ ನಿನಗೆ ಯಕೃತ್ತು, ಮೂತ್ರಪಿಂಡಗಳಿವೆ. ಒಂದು ಹೊತ್ತು ಉಂಡವ ಯೋಗಿ, ಮೂರು ಹೊತ್ತು ಉಂಡವ ರೋಗಿ ಎಂದು ನನಗೇ ಗಾದೆ ಹೇಳಿದೆಯಲ್ಲ. ಇಪ್ಪತ್ತೆರಡರ ವಯಸ್ಸಿನಲ್ಲಿ ದಿನಕ್ಕೆ ಹತ್ತು ಗಂಟೆ ದುಡಿಯುವ ಹುಡುಗಿಗೆ ಆ ಗಾದೆ ಹೊಂದುವುದಿಲ್ಲ. ತೂಕ ಇಳಿಸಲೇಬೇಕೆಂಬ ಆಸೆಯಿದ್ದರೆ ಮೊದಲು ರಕ್ತ ಸರಿಹೋಗಲಿ. ಆಮೇಲೆ ದಿನಾ ಒಂದು ಗಂಟೆ ಬಿರುಸಾಗಿ ನಡೆ, ತಟ್ಟೆಯಲ್ಲಿ ಕರಿದದ್ದನ್ನು ಕಡಿಮೆ ಮಾಡು. ಮೈದಾನಕ್ಕೆ ಎರಡು ಸುತ್ತು ಓಡಿ ಬಂದ ಹುಡುಗನ ಪ್ರನಾಳ ನೆನಪಿರಲಿ.

ನಿಮ್ಮ ಪಿಜಿಯಲ್ಲಿ ಒಲೆ ಹಚ್ಚಲು ಬಿಡುವುದಿಲ್ಲವೆಂದು ಗೊತ್ತು. ಅದಕ್ಕೇ ನಿನ್ನೆ ರಾಗಿ ಅರಳು ಹುರಿದು ಹುರಿಹಿಟ್ಟು ಮಾಡಿದ್ದೇನೆ, ಏಲಕ್ಕಿ ಹಾಕಿದ್ದೇನೆ. ಎರಡು ಹಿಡಿ ಹಿಟ್ಟಿಗೆ ಹಾಲು ಬೆಲ್ಲ ಹಾಕಿ ಕಲಸಿದರೆ ಬೆಳಗಿನ ತಿಂಡಿ ಆಯಿತು. ಮಂಗಳವಾರ ನಿನ್ನ ಅಣ್ಣ ಬೆಂಗಳೂರಿಗೆ ಬರುತ್ತಾನೆ, ಡಬ್ಬಿ ಅವನ ಕೈಯಲ್ಲಿ ಕಳುಹಿಸುತ್ತೇನೆ. ಅಷ್ಟರೊಳಗೆ ರಕ್ತದ ವರದಿ ಬಂದಿರುತ್ತದೆ. ಫೋನ್ ಮಾಡಿ ಹಿಮೋಗ್ಲೋಬಿನ್ ಎಷ್ಟಿದೆ ಎಂದು ಓದಿ ಹೇಳು. ಎಷ್ಟೇ ಇರಲಿ, ಮುಚ್ಚಿಡಬೇಡ.

ಇತಿ,
ನಿನ್ನ ದೊಡ್ಡಮ್ಮ