ಗಿಣಿ ಕಚ್ಚಿದ್ದು ಹೆಂಡತಿಯನ್ನು, ತಪ್ಪು ನನ್ನದು

ಮಾನ್ಯ ಸಂಪಾದಕರೇ,

ಕಳೆದ ವಾರ ಓದುಗರ ಪತ್ರದಲ್ಲಿ ಒಬ್ಬರು ತಮ್ಮ ಮನೆಯ ಗಿಣಿ ಮೊಮ್ಮಗಳ ಬೆರಳು ಕಚ್ಚಿದ ಸಂಗತಿ ಬರೆದಿದ್ದರು. ಕೊಕ್ಕಿಗೆ ಒಂದೇಟು ಹಾಕಿ, ರೆಕ್ಕೆ ಕತ್ತರಿಸಿ, ಎರಡು ದಿನ ಕತ್ತಲ ಕೋಣೆಯಲ್ಲಿ ಇಟ್ಟರೆ ದಾರಿಗೆ ಬರುತ್ತದೆ ಅಂತ ಸಲಹೆಯನ್ನೂ ಕೊಟ್ಟಿದ್ದರು. ಓದಿ ಸುಮ್ನೆ ಇರಲಿಕ್ಕೆ ಆಗಲಿಲ್ಲ. ಅದರಲ್ಲಿ ಅರ್ಧ ನಾನೂ ಮಾಡಿ ಕೆಟ್ಟವನು.

ನಾನು 31 ವರ್ಷ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದೆ. ನಿವೃತ್ತಿಯಾದಾಗ ಮಗ ಒಂದು ಸನ್ ಕನ್ಯೂರ್ ಗಿಣಿ ತಂದುಕೊಟ್ಟ. ಮೈಯೆಲ್ಲ ಅರಿಶಿನ ಬಣ್ಣ, ಮುಖದ ಸುತ್ತ ಕೇಸರಿ, ರೆಕ್ಕೆಯಲ್ಲಿ ಒಂದಿಷ್ಟು ಹಸಿರು. ಕೂಗಿದರೆ ಮೂರನೇ ಮನೆಯವರು ಬಾಗಿಲಿಗೆ ಬರುತ್ತಾರೆ. ಮೊದಲು ಕಲಿತ ಮಾತು ‘ರೈಟ್ ರೈಟ್’. ಕಲಿಸಿದ್ದು ಯಾರು ಅಂತ ಬೇರೆ ಹೇಳಬೇಕಾಗಿಲ್ಲ, ಅಲ್ವಾ?

ಮೊದಲ ಎರಡು ವರ್ಷ ಏನೂ ತಕರಾರಿಲ್ಲ. ದಿನವಿಡೀ ನನ್ನ ಹೆಗಲ ಮೇಲೆ. ಆಮೇಲೆ ಒಂದು ದಿನ ಹೆಂಡತಿ ಚಹಾದ ಬಸಿ ಮುಂದೆ ಚಾಚಿದ್ದೇ ತಡ, ನನ್ನ ತೋಳಿನ ಮೇಲೆ ದಡದಡ ಇಳಿದು ಬಂದು ಅವಳ ಹೆಬ್ಬೆರಳು ಹಿಡಿಯಿತು. ರಕ್ತ ಬಂತು. ನಾನು ಏನು ಮಾಡಿದೆ ಗೊತ್ತಾ? ನಕ್ಕೆ. ‘ನನ್ನ ಮ್ಯಾಲ ಎಷ್ಟು ಜೀವ ಇಟ್ಟೈತಿ ನೋಡು’ ಅಂದೆ. ಅವಳು ಬೆರಳಿಗೆ ಅರಿಶಿನ ಒತ್ತಿಕೊಳ್ಳುತ್ತಾ, ‘ನಿಮ್ಮ ಗಿಣಿ ನಿಮಗ ಚಂದ. ನಾಳಿಂದ ಚಹಾನೂ ನೀವ ಮಾಡ್ಕೋರಿ’ ಅಂದಳು.

ಅಲ್ಲಿಂದ ಸೊಸೆಯ ಕಿವಿ, ಮೊಮ್ಮಗನ ಮೊಣಕೈ, ಹಾಲಿನವನ ಟೊಪ್ಪಿಗೆ, ಒಂದೂ ಬಿಡಲಿಲ್ಲ. ಗದರಿಸಿದೆ. ಅದಕ್ಕೆ ಇನ್ನೂ ಹುರುಪು ಬಂತು. ನಾವೆಲ್ಲ ಕೂಗಾಡೋದು ಅದಕ್ಕೆ ಪುಕ್ಕಟೆ ನಾಟಕ. ಪಂಜರಕ್ಕೆ ಬಟ್ಟೆ ಮುಚ್ಚಿದೆ. ಕಚ್ಚಿದ್ದಕ್ಕೇ ಈ ಶಿಕ್ಷೆ ಅಂತ ಅದಕ್ಕೆ ಹೇಗೆ ತಿಳಿಯಬೇಕು? ರೆಕ್ಕೆಯ ಗರಿ ಕತ್ತರಿಸಿದೆ. ಹಾರಿ ತಪ್ಪಿಸಿಕೊಳ್ಳಲಿಕ್ಕೆ ಆಗದ ಹಕ್ಕಿಗೆ ಹೆದರಿಕೆ ಜಾಸ್ತಿ. ಹೆದರಿದ ಹಕ್ಕಿಗೆ ಉಳಿದಿದ್ದು ಕೊಕ್ಕು ಒಂದೇ.

ಈ ನಡುವೆ ಅದು ತಿಂದ ಕಾಳನ್ನು ತಲೆ ಕುಣಿಸುತ್ತಾ ನನ್ನ ಅಂಗೈಗೆ ಕಾರಲಿಕ್ಕೆ ಶುರು ಮಾಡಿತು. ಹೊಟ್ಟೆ ಕೆಟ್ಟಿದೆ ಅಂತ ಗಾಬರಿಯಾಗಿ ಪಶುವೈದ್ಯರ ಹತ್ತಿರ ಓಡಿದೆ. ಅವರು ಹಕ್ಕಿ ನೋಡಿದ್ದಕ್ಕಿಂತ ನನ್ನ ಮುಖ ನೋಡಿದ್ದೇ ಹೆಚ್ಚು. ‘ರೋಗ ಏನೂ ಇಲ್ರಿ. ನಿಮ್ಮನ್ನ ಜೋಡಿ ಅಂತ ತಿಳ್ಕೊಂಡೈತಿ. ನಿಮಗ ಉಣಸ್ತೈತಿ’ ಅಂದರು. ಬೆನ್ನು ಸವರುತ್ತೀರಾ ಅಂತ ಕೇಳಿದರು. ಹೌದು, ದಿನಾ ಸಂಜೆ ಟಿವಿ ಮುಂದೆ ಅರ್ಧ ಗಂಟೆ. ಬೆನ್ನು, ರೆಕ್ಕೆಯ ಕೆಳಗೆ ಸವರುವುದು ಗಿಣಿಗೆ ಬೆದೆಯ ಸೂಚನೆಯಂತೆ. ಮುಟ್ಟುವುದಾದರೆ ತಲೆ, ಕುತ್ತಿಗೆ ಅಷ್ಟೇ. ಪ್ರಾಯಕ್ಕೆ ಬಂದ ಹಕ್ಕಿ ತನ್ನ ಜೋಡಿಯ ಹತ್ತಿರ ಯಾರು ಬಂದರೂ ಓಡಿಸುತ್ತದೆ. ಇಷ್ಟು ದಿನ ಅದು ನನ್ನ ಹೆಂಡತಿಯನ್ನು ಸವತಿ ಅಂತ ಲೆಕ್ಕ ಹಾಕಿತ್ತು!

ಅಂದರೆ ಬದಲಾಗಬೇಕಾದವನು ನಾನು. ಹೆಗಲ ಸವಾರಿ ನಿಲ್ಲಿಸಿದೆ. ಸೋಫಾ ಸಂದಿಯಲ್ಲಿ ಅದು ಗೂಡು ಅಂತ ಹಿಡಿದಿದ್ದ ರಟ್ಟಿನ ಡಬ್ಬಿ ತೆಗೆದೆ. ರಾತ್ರಿ ಹತ್ತೂವರೆವರೆಗೆ ಟಿವಿ ನೋಡುತ್ತಿದ್ದ ಹಕ್ಕಿಯನ್ನು ಏಳಕ್ಕೇ ಮಲಗಿಸಿದೆ. ಅದಕ್ಕೆ 10ರಿಂದ 12 ತಾಸು ನಿದ್ದೆ ಬೇಕು. ಇದು ಶಿಕ್ಷೆಯ ಕತ್ತಲಲ್ಲ, ನಿದ್ದೆಯ ಕತ್ತಲು.

ಇನ್ನು ಕುಸುಬಿ. ನಮ್ಮ ಎರಿ ಹೊಲದ ಕುಸುಬಿ ಅಂದರೆ ಗಿಣಿಗೆ ಪ್ರಾಣ. ಎಣ್ಣೆ ಕಾಳು, ಜಾಸ್ತಿ ಹಾಕಬಾರದು. ಆದರೆ ಲಂಚಕ್ಕೆ ಅದಕ್ಕಿಂತ ಒಳ್ಳೆಯದಿಲ್ಲ. ಬಟ್ಟಲಿನಿಂದ ಕುಸುಬಿ ತೆಗೆದುಬಿಟ್ಟೆವು. ಇನ್ನು ಅದು ಸಿಗುವುದು ಹೆಂಡತಿಯ ಕೈಯಿಂದ ಮಾತ್ರ. ಅವಳು ಪಂಜರದಿಂದ ಮೂರು ಮಾರು ದೂರ ಕೂತು ಶೇಂಗಾ ಸುಲಿಯುತ್ತಿದ್ದಳು. ಆಗಾಗ ಎದ್ದು ಬಂದು ನಾಲ್ಕು ಕಾಳು ಹಾಕಿ ಹೋಗುತ್ತಿದ್ದಳು. ಗಿಣಿ ಕತ್ತಿನ ಗರಿ ನಿಮಿರಿಸಿ, ಬಾಲ ಬೀಸಣಿಗೆಯಂತೆ ಅಗಲಿಸಿ, ಮೈ ತಗ್ಗಿಸಿತು ಅಂದರೆ ಅಲ್ಲೇ ನಿಂತು ಒಂದು ಹೆಜ್ಜೆ ಹಿಂದೆ. ಅದು ಬಸ್ಸಿನ ಬ್ರೇಕ್ ಲೈಟ್ ಇದ್ದಂತೆ. ನೋಡದೆ ಮುಂದೆ ಹೋದವರದೇ ತಪ್ಪು. ನಾನು ಎಂಟು ದಿನ ತಂಗಿಯ ಊರಿಗೆ ಹೋಗಿಬಿಟ್ಟೆ. ಹದಿನೈದು ದಿನದಲ್ಲಿ ಆಗದ ಕೆಲಸ ಆ ಎಂಟು ದಿನದಲ್ಲಿ ಆಯಿತು. ಬಂದು ನೋಡಿದರೆ ಸರಳಿನ ಸಂದಿಯಿಂದ ಅವಳ ಬೆರಳ ತುದಿಯ ಕಾಳನ್ನು ಮೆಲ್ಲಗೆ, ಬೆರಳಿಗೆ ತಾಗದಂತೆ, ಎತ್ತಿಕೊಳ್ಳುತ್ತಿತ್ತು.

ಪತ್ರ ಬರೆದ ಹಿರಿಯರಿಗೆ ಇನ್ನೊಂದು ಮಾತು. ಕುತ್ತಿಗೆಗೆ ಗೆರೆಯಿರುವ ನಮ್ಮ ಹಸಿರು ಗಿಣಿ ತಮ್ಮದು ಅಂತ ಬರೆದಿದ್ದೀರಿ. ಅದನ್ನು ಸಾಕುವುದೇ 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ. ಬೈಲಿಗೆ ಬಿಟ್ಟುಬಿಡಬೇಡಿ, ಪಂಜರದಲ್ಲಿ ಬೆಳೆದ ಹಕ್ಕಿ ಬದುಕುವುದು ಕಷ್ಟ. ಅರಣ್ಯ ಇಲಾಖೆಯವರನ್ನು ಕೇಳಿ. ನನ್ನದು ವಿದೇಶಿ ತಳಿ. ಆದರೂ 2024ರ ನಿಯಮದಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು. ಮಗ ಮಾಡಿಸಿದ್ದಾನೆ.

ಎಲ್ಲ ಸರಿಹೋಯಿತು ಅಂತ ಸುಳ್ಳು ಹೇಳಲಾರೆ. ಸೊಸೆ ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು ಬಂದರೆ ಈಗಲೂ ಅಟ್ಟಿಸಿಕೊಂಡು ಹೋಗುತ್ತದೆ. ಮೊಮ್ಮಗನನ್ನು ಒಬ್ಬನೇ ಅದರ ಹತ್ತಿರ ಬಿಡುವುದಿಲ್ಲ. ಆದರೆ ಬೆಳಿಗ್ಗೆ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಶುರುವಾದರೆ ಸಾಕು, ಹಾಲ್‌ನಲ್ಲಿ ಸ್ಟ್ಯಾಂಡಿನ ಮೇಲೆ ತಲೆ ಕುಣಿಸುತ್ತಾ ‘ರೈಟ್ ರೈಟ್’ ಅನ್ನುತ್ತದೆ. ನಾನು ಪಕ್ಕದಲ್ಲೇ ಪೇಪರ್ ಓದುತ್ತಾ ಕೂತಿರುತ್ತೇನೆ. ನನ್ನ ಕಡೆ ತಿರುಗಿಯೂ ನೋಡುವುದಿಲ್ಲ.

— ಒಬ್ಬ ನಿವೃತ್ತ ಕಂಡಕ್ಟರ್, ನವನಗರ, ಬಾಗಲಕೋಟೆ