ಇರಾನಿನ ಟ್ಯಾಕ್ಸಿ ಪುಕ್ಕಟೆ ಅಲ್ಲ

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಯ ಇರಾನ್ ಪ್ರವಾಸ ಲೇಖನ ಓದಿ ತಲೆ ಬಿಸಿಯಾಗಿದೆ. ಟೆಹರಾನಿನ ಟ್ಯಾಕ್ಸಿಯವನು ದುಡ್ಡು ಬೇಡವೆಂದನಂತೆ, ಲೇಖಕರು ಕೈಮುಗಿದು ಇಳಿದುಬಿಟ್ಟರಂತೆ, ಅದೇ ಪರ್ಷಿಯನ್ ಆತಿಥ್ಯವಂತೆ! ಸ್ವಾಮಿ, ಅದು 'ತಾರೋಫ್', ಇರಾನಿಗರ ಉಪಚಾರದ ರೀತಿ. 'ಗಾಬೆಲಿ ನದಾರೆ', ಅಂದರೆ 'ಇದೇನು ಮಹಾ ಬಿಡಿ' ಎಂಬುದು ಬರೀ ಬಾಯಿಮಾತು, ಉಣ್ಣುತ್ತಾ ಕೂತವರು ಬಾಗಿಲಿಗೆ ಬಂದವರನ್ನು 'ಬನ್ನಿ ಊಟಕ್ಕೆ' ಅನ್ನುವ ಹಾಗೆ. ಎರಡು ಮೂರು ಸಲ ಒತ್ತಾಯಿಸಿದರೆ ತೆಗೆದುಕೊಳ್ಳುತ್ತಾನೆ. ಮೊದಲ ಮಾತಿಗೇ ಇಳಿದು ನಡೆದರೆ ಅವನ ಹೊಟ್ಟೆಯ ಮೇಲೆ ಹೊಡೆದಂತೆ. ಮನೆಗೆ ಕರೆದರೂ ಅಷ್ಟೇ; ದಿನ, ಹೊತ್ತು ಹೇಳಿ ಮತ್ತೆ ಮತ್ತೆ ಕರೆದರಷ್ಟೇ ಹೋಗಬೇಕು, ಕೈಯಲ್ಲಿ ಸಿಹಿಯೋ ಹೂವೋ ಹಿಡಿದು.

ಹಣದ ವಿಚಾರ ಇನ್ನೂ ಚೆನ್ನಾಗಿದೆ. ವೀಸಾ, ಮಾಸ್ಟರ್‌ಕಾರ್ಡ್ ಎಂಬ ಬ್ಯಾಂಕ್ ಕಾರ್ಡುಗಳು ಅಲ್ಲಿ ನಡೆಯುವುದೇ ಇಲ್ಲ. ಡಾಲರ್, ಯೂರೋ ನಗದೇ ಗತಿ. ನೋಟಿನಲ್ಲಿರುವುದು ರಿಯಾಲ್, ಬಾಯಲ್ಲಿರುವುದು ತೋಮಾನ್, ಹತ್ತು ರಿಯಾಲಿಗೆ ಒಂದು. ಅಂಗಡಿಯವನು 'ಸಾವಿರ'ವನ್ನು ನುಂಗಿ ಬರೀ 'ನೂರು' ಅಂದರೆ ಲಕ್ಷ ತೋಮಾನ್, ಅಂದರೆ ನೋಟಿನ ಲೆಕ್ಕದಲ್ಲಿ 10 ಲಕ್ಷ ರಿಯಾಲ್! ಇದೊಂದೂ ಲೇಖನದಲ್ಲಿಲ್ಲ. ಇರುವುದು 'ಭಾರತೀಯರಿಗೆ ವೀಸಾ ಬೇಡ' ಎಂಬ ಸಾಲು. ವಿಮಾನದಲ್ಲಿ ಹೋಗುವ ಪ್ರವಾಸಿಗೆ 15 ದಿನದ ಆ ಸೌಲಭ್ಯ 2024ರ ಫೆಬ್ರುವರಿಯಲ್ಲಿ ಬಂತು, 2025ರ ನವೆಂಬರ್ 22ಕ್ಕೆ ನಿಂತೂ ಹೋಯಿತು. ಕೆಲಸದ ಆಸೆ ತೋರಿಸಿ ಕರೆದೊಯ್ದು, ಅಪಹರಿಸಿ, ಒತ್ತೆಹಣ ಕೇಳಿದ ಪ್ರಕರಣಗಳೇ ಕಾರಣ. ನಿಮ್ಮ ಲೇಖನ ನಂಬಿ ಟಿಕೆಟ್ ತೆಗೆಸಿದವರನ್ನು ವಿಮಾನ ನಿಲ್ದಾಣದಲ್ಲೇ ತಡೆದರೆ ಯಾರು ಹೊಣೆ?

ಟೆಹರಾನಿನ ಗೋಡೆಚಿತ್ರಗಳಿಗೆ ಲೇಖನದಲ್ಲಿ 'ಜನರ ಆಕ್ರೋಶ' ಎಂದು ತಲೆಬರಹ. ಯಾವ ಜನ? ಹತ್ತು ಮಹಡಿಯ ಗೋಡೆಗೆ ಅಟ್ಟಣಿಗೆ ಕಟ್ಟಿ ಹಗಲಲ್ಲಿ ಬರೆಯುವುದು ಅಪ್ಪಣೆಯಿಲ್ಲದೆ ಆಗುವ ಕೆಲಸವೇ? ಕರೀಂ ಖಾನ್ ಜಂದ್ ರಸ್ತೆಯಲ್ಲಿ ನಕ್ಷತ್ರಗಳ ಜಾಗದಲ್ಲಿ ತಲೆಬುರುಡೆಗಳಿದ್ದ ಅಮೆರಿಕದ ಬಾವುಟ, ಇರಾನ್-ಇರಾಕ್ ಯುದ್ಧದ ಹುತಾತ್ಮರ ಮುಖಗಳು, ಎಲ್ಲ ಆಳುವವರು ಬರೆಸಿದ್ದು. ಮೆಹ್ದಿ ಗದ್ಯಾನ್ಲೂ ಬರೆದ ಕಣ್ಕಟ್ಟಿನ ಆಕಾಶಗಳಿಗೂ ನಗರಾಡಳಿತವೇ ಯಜಮಾನ. ಜನರದ್ದೇ ಬೇಕಿದ್ದರೆ ಪೊಲೀಸರ ವಶದಲ್ಲಿದ್ದ ಮಹ್ಸಾ ಅಮೀನಿ ಎಂಬ ಯುವತಿ ಸತ್ತ 2022ರ ಸೆಪ್ಟೆಂಬರಿನ ನಂತರ ರಾತ್ರಿ ಸ್ಪ್ರೇ ಡಬ್ಬಿಯಿಂದ ಗೀಚಿದ 'ಜನ್, ಜೆಂದೆಗಿ, ಆಜಾದಿ'ಯನ್ನು ನೋಡಬೇಕಿತ್ತು. ಹೆಣ್ಣು, ಬದುಕು, ಬಿಡುಗಡೆ. ಸಿಗುವುದು ಹೆಚ್ಚಾಗಿ ಅದರ ಮೇಲೆ ಬಳಿದ ಬೇರೆ ಬಣ್ಣದ ತೇಪೆ. ತಾಲೆಗಾನಿ ರಸ್ತೆಯ ಹಳೇ ಅಮೆರಿಕ ರಾಯಭಾರ ಕಚೇರಿಯ ಗೋಡೆಚಿತ್ರಕ್ಕಂತೂ '1979ರದು' ಎಂದು ಅಡಿಬರಹ! ಇರಾನಿನ ವಿದ್ಯಾರ್ಥಿಗಳು ಕಚೇರಿ ಹಿಡಿದದ್ದು 1979ರಲ್ಲಿ ಸರಿ. ದೀಪದ ಕೈ ಮುರಿದುಬಿದ್ದ ಸ್ವಾತಂತ್ರ್ಯ ದೇವತೆ ಆ ಗೋಡೆಗೆ ಬಂದದ್ದು 2019ರ ನವೆಂಬರಿನಲ್ಲಿ.

ನಮ್ಮ ಅಧಿಕಾರಿಗಳೇನು ಕಡಿಮೆಯೇ? ವೀಸಾ ಇಲ್ಲದೆ ಹೋಗುವ ಸೌಲಭ್ಯ ನಿಂತ ಸುದ್ದಿಗೆ ದಿಲ್ಲಿಯಿಂದ ಒಂದು ಪ್ರಕಟಣೆ ಬಿಟ್ಟು ಕೈತೊಳೆದುಕೊಂಡರು, ಹಳ್ಳಿಯ ಹುಡುಗನಿಗೆ ಮುಟ್ಟಿತೋ ಇಲ್ಲವೋ ಕೇಳುವವರಿಲ್ಲ. 'ಮೇಜವಾನಿ' ಎಂಬ ಮಾತೇ ಪಾರಸಿಯಿಂದ ಬಂದದ್ದು, ಇರಾನಿನ ಗಿಲಾನಿನಿಂದ ಬಂದ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾ ನಮ್ಮೂರು ಬೀದರಿನಲ್ಲೇ ಇದೆ. ಅದರ ಮುಂದೆ ನಿಂತು ದಾರಿ ಕೇಳಿದ ಪ್ರವಾಸಿಗೆ ಒಂದು ಲೋಟ ನೀರು ಸಿಗುವ ವ್ಯವಸ್ಥೆ ಮಾಡಲಿ ಮೊದಲು. ಗೋಡೆಗೆ ಸುಣ್ಣ ಬಳಿಯುವುದು ಮಾತ್ರ ಚುನಾವಣೆ ಬಂದಾಗ ತಪ್ಪದೆ ನೆನಪಾಗುತ್ತದೆ.

ತಿದ್ದುಪಡಿ ಹಾಕಿ, ಇಲ್ಲವೇ ಬಲ್ಲವರಿಂದ ಇನ್ನೊಮ್ಮೆ ಬರೆಸಿ. ಸಂಬಂಧಪಟ್ಟವರೂ ಕಣ್ಣು ಬಿಡಲಿ. ಆ ಟ್ಯಾಕ್ಸಿಯವನ ಬಾಕಿಯನ್ನು ಲೇಖಕರು ಯಾವ ಕಾರ್ಡಿನಲ್ಲಿ ಕಳಿಸುತ್ತಾರೋ ನೋಡೋಣ.

– ನಿಮ್ಮ ಹಳೆಯ ಓದುಗರು, ಬೀದರ್